ಬಾಣಂತನ ತವರಿನಲ್ಲಿ, ತಂದೆ ಬೆಂಗಳೂರಿನಲ್ಲಿ: ಮೊದಲ ತಿಂಗಳುಗಳಲ್ಲಿ ತಂದೆಯ ಪಾಲು ಏನು?

ಮೂಲ ಬರಹ: ಹೊಸ ತಂದೆ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮಗೆ ಮಗಳು ಹುಟ್ಟಿದ್ದಾಳೆ. ಹೆರಿಗೆ ಶಿವಮೊಗ್ಗದಲ್ಲಿ ಆಯಿತು, ಬಾಣಂತನ ಪತ್ನಿಯ ತವರಾದ ಸಾಗರದ ಬಳಿಯ ಹಳ್ಳಿಯಲ್ಲಿ ನಡೆಯುತ್ತಿದೆ. ನಾನು ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಹೆರಿಗೆಯ ಸಮಯದಲ್ಲಿ ಸಿಕ್ಕ ಸ್ವಲ್ಪ ರಜೆ ಆಸ್ಪತ್ರೆಯ ಓಡಾಟದಲ್ಲೇ ಮುಗಿದುಹೋಯಿತು. ಈಗ ಶುಕ್ರವಾರ ರಾತ್ರಿ ತಾಳಗುಪ್ಪ ರೈಲು ಹತ್ತಿ ಹೋಗುತ್ತೇನೆ, ಭಾನುವಾರ ರಾತ್ರಿ ಮರಳಿ ಹೊರಡುತ್ತೇನೆ.

ಮಾವನವರ ಮನೆಯಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಕೊರತೆ ಇಲ್ಲದಿರುವುದೇ ನನ್ನನ್ನು ಯೋಚನೆಗೆ ಹಚ್ಚಿದೆ. ನಾನು ಬಂದ ಕೂಡಲೇ ಬಿಸಿನೀರು, ಕಾಫಿ, ಎಲೆ ತುಂಬ ಊಟ. ಅಳಿಯನಾಗಿ ನನಗೆ ಸಲ್ಲುವ ಮರ್ಯಾದೆಯೆಲ್ಲ ಸಲ್ಲುತ್ತದೆ, ಆದರೆ ಬಾಣಂತಿಯ ಕೋಣೆಯಲ್ಲಿ ನಡೆಯುವ ಕೆಲಸಗಳಲ್ಲಿ ಒಂದೂ ನನ್ನ ಕೈಗೆ ಬರುವುದಿಲ್ಲ. ಪತ್ನಿಯ ಅಜ್ಜಿ ಬಚ್ಚಲಿನಲ್ಲಿ ಮಣೆಯ ಮೇಲೆ ಕಾಲು ಚಾಚಿ ಕುಳಿತು, ಎರಡು ಕಾಲುಗಳ ನಡುವೆ ಮಗುವನ್ನು ಮಲಗಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ ತೋಳು ತೊಡೆಗಳನ್ನು ನೀವುತ್ತಾರೆ. ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿ, ನೀರು ಮುಖಕ್ಕೆ ಸಿಡಿಯದಂತೆ ಹಣೆಗೆ ಅಂಗೈ ಅಡ್ಡ ಹಿಡಿದು ತಲೆಗೆ ಹೊಯ್ಯುತ್ತಾರೆ. ಮಗು ಮೊದಲು ಕಿರುಚಿ, ಆಮೇಲೆ ಮೈ ಸಡಿಲ ಬಿಟ್ಟು ಸುಮ್ಮನಾಗುತ್ತದೆ. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಒಳಗೆ ಕೊಂಡೊಯ್ಯುವವರೆಗೆ ನಾನು ಬಾಗಿಲ ಬಳಿ ನಿಂತು ನೋಡುತ್ತೇನೆ. ಆ ಕೈಗಳ ಜಾಣ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಅದನ್ನು ಕಲಿಯಬೇಕೆಂಬ ಆಸೆಯೂ ಅಷ್ಟೇ ಇದೆ.

ಒಂದು ಶುಕ್ರವಾರದಿಂದ ಮುಂದಿನ ಶುಕ್ರವಾರಕ್ಕೆ ಮಗು ಬೇರೆಯೇ ಆಗಿರುತ್ತದೆ. ಕಳೆದ ಬಾರಿ ದೀಪದ ಕಡೆಗಷ್ಟೇ ತಿರುಗುತ್ತಿದ್ದ ಕಣ್ಣು ಈ ಬಾರಿ ಮುಖವನ್ನು ಹಿಂಬಾಲಿಸುತ್ತದೆ. ತಾಯಿ ಮತ್ತು ಅಜ್ಜಿಯ ದನಿಗೆ ಅದು ಸಮಾಧಾನಗೊಳ್ಳುವುದನ್ನು ಕಂಡಿದ್ದೇನೆ. ನನ್ನ ದನಿ ಅದಕ್ಕೆ ಇನ್ನೂ ಅಪರಿಚಿತ. ಹಳ್ಳಿಯಲ್ಲಿ ಮಳೆ ಬಂದರೆ ನೆಟ್‌ವರ್ಕ್ ಇರುವುದಿಲ್ಲವಾದ್ದರಿಂದ ವಿಡಿಯೋ ಕರೆಯನ್ನೂ ನೆಚ್ಚಿಕೊಳ್ಳುವಂತಿಲ್ಲ.

ನನ್ನ ನಂಬಿಕೆಯನ್ನು ನೇರವಾಗಿ ಹೇಳುತ್ತೇನೆ. ತಂದೆಯಾಗುವುದು ಜನನ ಪ್ರಮಾಣಪತ್ರದಲ್ಲಿ ಹೆಸರು ಬರೆಸಿದಾಗ ಮುಗಿಯುವ ಕೆಲಸವಲ್ಲ. ಬಟ್ಟೆ ಬದಲಿಸಿ, ತೇಗು ಬರಿಸಿ, ರಾತ್ರಿ ಎತ್ತಿಕೊಂಡು ಓಡಾಡಿ ದಿನವೂ ಆಗುತ್ತಾ ಹೋಗಬೇಕಾದದ್ದು. ದೂರದಲ್ಲಿರುವ ತಂದೆ ಇದರಲ್ಲಿ ಯಾವುದನ್ನು ತನ್ನದಾಗಿಸಿಕೊಳ್ಳಬಹುದು, ತವರಿನವರ ಮನಸ್ಸಿಗೆ ನೋವಾಗದಂತೆ ಅದನ್ನು ಹೇಗೆ ಕೇಳಬೇಕು, ತಾಯಿ ಮಗುವನ್ನು ಮೂರನೆಯ ತಿಂಗಳಿಗೇ ಬೆಂಗಳೂರಿಗೆ ಕರೆತರುವುದು ಸರಿಯೇ ಅಥವಾ ಐದನೆಯ ತಿಂಗಳವರೆಗೆ ಕಾಯಬೇಕೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಪ್ರತಿಕ್ರಿಯೆ: ಅಂಚೆ ಇಲಾಖೆ ನೌಕರ, ಧಾರವಾಡ

ಮಗಳಿಗೆ ಶುಭವಾಗಲಿ. ಮೊದಲು ರಜೆಯ ವಿಷಯವನ್ನು ಸ್ಪಷ್ಟಪಡಿಸುತ್ತೇನೆ, ಏಕೆಂದರೆ ಇದರ ಬಗ್ಗೆ ತಪ್ಪು ಮಾಹಿತಿ ಬಹಳ ಓಡಾಡುತ್ತದೆ. ಕೇಂದ್ರ ಸರ್ಕಾರಿ ನೌಕರರಾದ ನಮಗೆ ಪಿತೃತ್ವ ರಜೆ 15 ದಿನ. ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದವರಿಗೆ ಅದು ದೊರೆಯುತ್ತದೆ. ಹೆರಿಗೆಗೆ 15 ದಿನ ಮೊದಲಿನಿಂದ ಹೆರಿಗೆಯಾದ ಆರು ತಿಂಗಳ ಒಳಗೆ ಅದನ್ನು ಬಳಸಬೇಕು, ಇಲ್ಲದಿದ್ದರೆ ರದ್ದಾಗುತ್ತದೆ. ಬೇರೆ ರಜೆಯೊಂದಿಗೆ ಸೇರಿಸಿಯೂ ತೆಗೆದುಕೊಳ್ಳಬಹುದು. ಖಾಸಗಿ ವಲಯದ ತಂದೆಯರಿಗೆ ಇಂತಹ ಯಾವ ಕಾನೂನೂ ಇಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಹೆರಿಗೆಗಳಿಗೆ ತಾಯಿಯ ರಜೆ 26 ವಾರಗಳಿಗೆ ಏರಿತು. ತಂದೆಯ ಮಾತು ಅದರಲ್ಲಿ ಬರಲೇ ಇಲ್ಲ. ಅದೇ ವರ್ಷ ಪಿತೃತ್ವ ಸೌಲಭ್ಯಕ್ಕಾಗಿ ಸಂಸದರೊಬ್ಬರು ಲೋಕಸಭೆಗೆ ತಂದ ಖಾಸಗಿ ಸದಸ್ಯರ ಮಸೂದೆ ಕಾನೂನಾಗಲಿಲ್ಲ. ಆದ್ದರಿಂದ ನಿಮ್ಮ ರಜೆ ಪೂರ್ತಿಯಾಗಿ ನಿಮ್ಮ ಸಂಸ್ಥೆಯ ನಿಯಮವನ್ನು ಅವಲಂಬಿಸಿದೆ. ನಿಯಮ ಪುಸ್ತಕವನ್ನು ತರಿಸಿಕೊಂಡು ಓದಿ, ವಾರಾಂತ್ಯಕ್ಕೆ ಸೇರಿಸಿ ಕೆಲವು ದಿನ ಅಲ್ಲಿಂದಲೇ ಕೆಲಸ ಮಾಡಲು ಲಿಖಿತವಾಗಿ ಅನುಮತಿ ಕೇಳಿ.

ನಾನು ಆ ರಜೆಯನ್ನು ಹೆರಿಗೆಯ ವಾರದಲ್ಲಿ ಮುಟ್ಟಲಿಲ್ಲ. ಆಗ ಮನೆ ತುಂಬ ಜನರಿದ್ದರು. ತೊಟ್ಟಿಲ ಶಾಸ್ತ್ರ ಮುಗಿದು, ಬಂದ ನೆಂಟರೆಲ್ಲ ಹೊರಟುಹೋಗಿ, ಅತ್ತೆಯವರೊಬ್ಬರೇ ಉಳಿದು ದಣಿಯತೊಡಗಿದ ದಿನಗಳಿಗೆ ಅದನ್ನು ಇಟ್ಟುಕೊಂಡಿದ್ದೆ. ಹೊಸ ತಂದೆಯರಿಗೆಲ್ಲ ನಾನು ಹೇಳುವ ಮೊದಲ ಮಾತು ಇದೇ.

ಕೇಳುವುದು ಹೇಗೆ ಎಂಬ ಪ್ರಶ್ನೆಗೆ ನನ್ನ ಉತ್ತರ, ಅಡುಗೆಮನೆಯಿಂದ ಆರಂಭಿಸಿ. ನಮ್ಮ ಕಡೆ ಬಾಣಂತಿಗೆ ಅಂಟಿನ ಉಂಡಿ ಕಟ್ಟುವ ಪದ್ಧತಿಯಿದೆ. ಅಂಟನ್ನು ತುಪ್ಪದಲ್ಲಿ ಸ್ವಲ್ಪಸ್ವಲ್ಪವಾಗಿ ಕರಿಯಬೇಕು, ಪ್ರತಿಯೊಂದು ಹರಳೂ ಒಳಗಿನವರೆಗೆ ಅರಳಬೇಕು, ನಡುವೆ ಗಟ್ಟಿ ಉಳಿದರೆ ಹಲ್ಲಿಗೆ ಅಂಟುತ್ತದೆ. ಆಮೇಲೆ ಒಣಕೊಬ್ಬರಿ ತುರಿದು, ಉತ್ತತ್ತಿ ಕುಟ್ಟಿ, ಗಸಗಸೆ ಹುರಿದು, ಬೆಲ್ಲದ ಪಾಕಕ್ಕೆ ಹಾಕಿ, ಬಿಸಿ ಆರುವ ಮೊದಲೇ ಕಟ್ಟಬೇಕು. ಅತ್ತೆಯವರ ಪಕ್ಕದಲ್ಲಿ ಕುಳಿತು ಕೊಬ್ಬರಿ ತುರಿಯಲು ಆರಂಭಿಸಿದೆ. ಮೊದಲು ಬೇಡವೆಂದರು, ಆಮೇಲೆ ಉತ್ತತ್ತಿಯನ್ನೂ ಮುಂದೆ ಇಟ್ಟರು. ಉಂಡಿ ಕಟ್ಟಿ ಮುಗಿಯುವ ಹೊತ್ತಿಗೆ ಮಗು ಅತ್ತಾಗ, ‘ನಿಮ್ಮ ಕೈ ತೊಳೆದುಕೊಂಡು ಕೂಸನ್ನ ತಗೋರಿ’ ಎಂದು ಅವರೇ ಹೇಳಿದರು. ಆ ಮನೆಯ ಕೆಲಸದಲ್ಲಿ ಕೈ ಜೋಡಿಸಿದವನಿಗೆ ಮಗುವನ್ನು ಕೊಡಲು ಯಾರೂ ಹಿಂಜರಿಯುವುದಿಲ್ಲ.

ಪ್ರತಿಕ್ರಿಯೆ: ಇಬ್ಬರು ಮಕ್ಕಳ ತಾಯಿ, ಮೈಸೂರು

ನನ್ನ ಎರಡೂ ಬಾಣಂತನಗಳು ತವರಿನಲ್ಲೇ ಆದವು, ಆದ್ದರಿಂದ ಆ ಕೋಣೆಯ ಒಳಗಿನಿಂದ ಬರೆಯುತ್ತಿದ್ದೇನೆ. ದೂರದಲ್ಲಿರುವ ಪತಿಯಿಂದ ನನಗೆ ನಿಜಕ್ಕೂ ಬೇಕಾಗಿದ್ದದ್ದು ಎರಡು. ಒಂದು, ಕಾಗದಪತ್ರಗಳ ಪೂರ್ತಿ ಹೊಣೆ. ಜನನವನ್ನು 21 ದಿನಗಳ ಒಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಅವರೇ ಮಾಹಿತಿ ಕಳುಹಿಸುತ್ತಾರೆ, ಆದರೂ ತಂದೆ ತಾಯಿಯ ಹೆಸರಿನ ಅಕ್ಷರಗಳು ಸರಿಯಾಗಿವೆಯೇ ಎಂದು ಅಲ್ಲೇ ನೋಡಿಕೊಳ್ಳಬೇಕು. ಮಗುವಿನ ಹೆಸರನ್ನು 12 ತಿಂಗಳ ಒಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಜನ್ಮದಿನಾಂಕದ ಆಧಾರ ಈ ಪ್ರಮಾಣಪತ್ರವೇ ಆಗಿರುವುದರಿಂದ ಅದರಲ್ಲಿ ಒಂದು ಒತ್ತಕ್ಷರವೂ ತಪ್ಪಬಾರದು. ವಿಮೆ, ಲಸಿಕೆಯ ದಿನಾಂಕ, ತಾಯಿ ಕಾರ್ಡ್, ಆಸ್ಪತ್ರೆಯ ಬಿಲ್ಲುಗಳು ಇವುಗಳೆಲ್ಲ ನಿಮ್ಮ ತಲೆಯಲ್ಲಿರಲಿ. ‘ಏನು ಮಾಡಬೇಕು ಹೇಳು’ ಎಂದು ಬಾಣಂತಿಯನ್ನು ಕೇಳುವುದೆಂದರೆ ನೆನಪಿಡುವ ಭಾರವನ್ನು ಅವಳ ಮೇಲೆಯೇ ಬಿಟ್ಟಂತೆ.

ಎರಡನೆಯದು ಇನ್ನೂ ಮುಖ್ಯ. ಫೋನ್ ಎತ್ತಿದ ಕೂಡಲೇ ‘ಪಾಪು ಮಲಗಿತೇ, ಹಾಲು ಕುಡಿಯಿತೇ’ ಎಂದು ಎಲ್ಲರೂ ಕೇಳುತ್ತಾರೆ. ನೀನು ಮಲಗಿದೆಯಾ, ಊಟ ಮಾಡಿದೆಯಾ, ಹೊಲಿಗೆ ನೋಯುತ್ತಿದೆಯೇ ಎಂದು ಕೇಳುವವರು ಬೇಕು. ಹೆರಿಗೆಯಾದ ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ, ಮಗುವನ್ನು ನೋಡಿದರೂ ಮನಸ್ಸು ಅರಳದಿದ್ದರೆ, ಅದನ್ನು ದೃಷ್ಟಿ ಎಂದೋ ಮೈ ಹಸಿಯೆಂದೋ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಅಗತ್ಯ ಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವೂ ಇದೆ. ಮನೆ ತುಂಬ ಜನರಿದ್ದರೂ ಬಾಣಂತಿಯ ಮಾತಿನಲ್ಲಾದ ವ್ಯತ್ಯಾಸವನ್ನು ಮೊದಲು ಗುರುತಿಸಬಲ್ಲವನು ಪತಿ. ವಾರಕ್ಕೊಮ್ಮೆ ಬರುವುದರಿಂದ ನಿಮಗೆ ಅದು ಇನ್ನಷ್ಟು ಸ್ಪಷ್ಟವಾಗಿ ಕಾಣಬಹುದು.

ಪ್ರತಿಕ್ರಿಯೆ: ಬೇಸಾಯಗಾರ, ಮಂಡ್ಯ ಜಿಲ್ಲೆ

ಇಲ್ಲಿ ರಜೆಯ ನಿಯಮಗಳನ್ನು ಓದಿದೆ. ನಮ್ಮಂಥವರಿಗೆ ರಜೆ ಕೊಡುವವರೂ ಇಲ್ಲ, ಕೊಡದಿರುವವರೂ ಇಲ್ಲ. ಗದ್ದೆಗೆ ನೀರು ಬಿಡುವ ಸರದಿ ಬಂದ ದಿನ ಮಗು ಹುಟ್ಟಿದರೂ ನೀರು ಬಿಡಲೇಬೇಕು. ಆದರೂ ನನ್ನ ಪಾಲಿಗೆ ಒಂದು ಅನುಕೂಲವಿತ್ತು, ಹೆಂಡತಿಯ ತವರು ಪಕ್ಕದ ಊರು. ಸಂಜೆ ಹಾಲು ಡೇರಿಗೆ ಹಾಕಿ, ಸ್ನಾನ ಮಾಡಿ ಅಲ್ಲಿಗೆ ಹೋಗುತ್ತಿದ್ದೆ. ಮಗು ಹಟ ಹಿಡಿಯುವ ಹೊತ್ತೂ ಅದೇ ಆದ್ದರಿಂದ ಎತ್ತಿಕೊಂಡು ಅಂಗಳದಲ್ಲಿ ತಿರುಗಾಡುವುದು ನನ್ನ ಕೆಲಸವೆಂದು ತಾನಾಗಿಯೇ ಗೊತ್ತಾಯಿತು. ಕೆಲಸ ಯಾವುದಾದರೂ ಆಗಲಿ, ದಿನವೂ ಅದೇ ಹೊತ್ತಿಗೆ ಆದರೆ ಮಗುವಿಗೆ ಗುರುತು ಸಿಗುತ್ತದೆ.

ಇನ್ನೊಂದು ಮಾತು. ಅಂಗನವಾಡಿಯ ಕೆಲಸಗಳನ್ನು ಗಂಡಸರು ಹೆಂಗಸರದ್ದೆಂದು ಬಿಡುತ್ತಾರೆ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಎರಡು ಕಂತುಗಳಲ್ಲಿ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ತಾಯಿಯ ಖಾತೆಗೆ ಬರುತ್ತದೆ. ಅರ್ಹತೆ ಇರುವವರು ಅರ್ಜಿ, ಆಧಾರ್, ಬ್ಯಾಂಕ್ ಪುಸ್ತಕ ಹಿಡಿದು ಓಡಾಡುವುದನ್ನು ತಂದೆಯೇ ವಹಿಸಿಕೊಳ್ಳಲಿ.

ಪ್ರತಿಕ್ರಿಯೆ: ಮಕ್ಕಳ ವೈದ್ಯೆ, ಹುಬ್ಬಳ್ಳಿ

ಮೂಲ ಬರಹದ ಪ್ರಶ್ನೆಗೆ ವೈದ್ಯಕೀಯವಾಗಿಯೂ ಉತ್ತರವಿದೆ. ತೂಕ ಕಡಿಮೆ ಇರುವ, ಅಂದರೆ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಶಿಶುಗಳನ್ನು ಎದೆಗೆ ಅಪ್ಪಿಕೊಂಡು ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟುಕೊಳ್ಳುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಆರಂಭವಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಸರ್ಕಾರಿ ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ವ್ಯಾಪಕವಾಗಿ ಜಾರಿಗೆ ತರುವ ಪ್ರಯತ್ನ ನಡೆದಿದೆ. ತಾಯಿ ದಣಿದಾಗ ತಂದೆಯ ಎದೆಯೂ ಇದಕ್ಕೆ ಸಲ್ಲುತ್ತದೆ. ನಿಮ್ಮ ಮಗು ತುಂಬು ತೂಕದ್ದಾದರೂ ಪರವಾಗಿಲ್ಲ. ಅಂಗಿ ತೆಗೆದು, ಲಂಗೋಟಿಯಲ್ಲಿರುವ ಮಗುವನ್ನು ಎದೆಯ ಮೇಲೆ ನೆಟ್ಟಗೆ ಒರಗಿಸಿಕೊಂಡು, ಮುಖ ಒಂದು ಬದಿಗೆ ತಿರುಗಿ ಮೂಗು ಮುಚ್ಚದಂತೆ ನೋಡಿಕೊಂಡು, ಮೇಲೆ ಒಂದು ಹೊದಿಕೆ ಹಾಕಿ ಸುಮ್ಮನೆ ಕುಳಿತುಕೊಳ್ಳಿ. ನೀವು ಎಚ್ಚರವಾಗಿರಬೇಕು, ಹಾಗೆಯೇ ನಿದ್ದೆಹೋಗಬಾರದು. ಇದು ಯಾರ ಪದ್ಧತಿಗೂ ಅಡ್ಡಿಯಾಗುವುದಿಲ್ಲ, ಯಾರ ಕೆಲಸವನ್ನೂ ಕಸಿದುಕೊಳ್ಳುವುದಿಲ್ಲ.

ಹಿರಿಯರೊಂದಿಗೆ ಮೃದುವಾಗಿ, ಆದರೆ ಬಿಡದೆ ಮಾತನಾಡಬೇಕಾದ ಕೆಲವು ವಿಷಯಗಳಿವೆ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ಬೇಸಿಗೆಯಲ್ಲೂ ನೀರು ಬೇಡ. ಜೇನುತುಪ್ಪವನ್ನು ವರ್ಷ ತುಂಬುವವರೆಗೆ ಕೊಡಬಾರದು, ಅದರಲ್ಲಿರಬಹುದಾದ ರೋಗಾಣು ಶಿಶುಗಳಲ್ಲಿ ಗಂಭೀರ ಕಾಯಿಲೆ ತರಬಲ್ಲದು. ಬಜೆ ತೇಯ್ದು ನೆಕ್ಕಿಸುವುದೂ, ಕಣ್ಣಿಗೆ ಕಾಡಿಗೆ ಹಚ್ಚುವುದೂ ಬೇಡ. ಸ್ನಾನದ ಬಳಿಕ ಹಾಕುವ ಸಾಂಬ್ರಾಣಿ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎಣ್ಣೆ ಸ್ನಾನದ ಬಗ್ಗೆ ನನ್ನ ತಕರಾರಿಲ್ಲ, ಮೂಗು ಕಿವಿಗಳಿಗೆ ಎಣ್ಣೆ ಬಿಡದಿದ್ದರೆ ಸಾಕು. ಇವುಗಳನ್ನು ಸೊಸೆಯೋ ಮಗಳೋ ಹೇಳಿದಾಗ ಮನಸ್ತಾಪ ಬೆಳೆಯುತ್ತದೆ. ವೈದ್ಯರನ್ನು ಕಂಡಾಗ ಅತ್ತೆಯವರನ್ನೂ ಜೊತೆಗೆ ಕರೆದೊಯ್ದು, ಈ ಪ್ರಶ್ನೆಗಳನ್ನು ಅವರ ಎದುರಿಗೇ ನೀವು ಕೇಳಿ. ಉತ್ತರವನ್ನು ನಾವು ಹೇಳುತ್ತೇವೆ.

ಲಸಿಕೆಗಳು ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಬರುತ್ತವೆ. ಹುಟ್ಟಿದಾಗ ಎಡತೋಳಿಗೆ ಹಾಕಿದ ಬಿಸಿಜಿ ಜಾಗದಲ್ಲಿ ಕೆಲವು ವಾರಗಳ ಬಳಿಕ ಚಿಕ್ಕ ಗುಳ್ಳೆಯೆದ್ದು ಒಡೆದು ಒಣಗುವುದು ಸಹಜ, ಅದಕ್ಕೆ ಏನನ್ನೂ ಹಚ್ಚಬೇಡಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ, ಲಸಿಕೆಯ ಜ್ವರವಿರಬಹುದೆಂದು ನೀವೇ ತೀರ್ಮಾನಿಸದೆ ವೈದ್ಯರನ್ನು ಕೇಳಬೇಕು. ಮಗು ಹಾಲು ಬಿಟ್ಟರೆ, ಉಸಿರು ನಿಮಿಷಕ್ಕೆ 60ರಷ್ಟು ಅಥವಾ ಹೆಚ್ಚಾದರೆ, ಪಕ್ಕೆ ಒಳಗೆ ಸೆಳೆದರೆ, ಎಬ್ಬಿಸಿದರೂ ಏಳದೆ ಸೊರಗಿದ್ದರೆ, ಅಂಗೈ ಅಂಗಾಲು ಹಳದಿಯಾದರೆ ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಕಾಯಬಾರದು. ಮಲೆನಾಡಿನ ಹಳ್ಳಿಯಾದ್ದರಿಂದ ರಾತ್ರಿ ವಾಹನ ಯಾರದ್ದು, ಹತ್ತಿರದ ಮಕ್ಕಳ ವೈದ್ಯರು ಎಲ್ಲಿ ಎಂಬುದನ್ನು ಈಗಲೇ ಗೊತ್ತುಮಾಡಿ ಬರೆದಿಡಿ. ಬೆಂಗಳೂರಿನಿಂದಲೇ ಮಾಡಬಹುದಾದ ದೊಡ್ಡ ಕೆಲಸ ಇದು.

ಪ್ರತಿಕ್ರಿಯೆ: ಬಾಣಂತನ ಮಾಡಿದ ಅಜ್ಜಿ, ತೀರ್ಥಹಳ್ಳಿ (ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ)

ಬರೆದ ಮಗನಿಗೆ ಆಶೀರ್ವಾದ. ನಾನು ಮೂವರು ಹೆಣ್ಣುಮಕ್ಕಳ ಬಾಣಂತನ ಮಾಡಿದವಳು. ನಮ್ಮ ಕಾಲದಲ್ಲಿ ಪುರುಡು ಕಳೆಯುವವರೆಗೆ ಗಂಡಸರು ಆ ಕೋಣೆಯ ಹೊಸಿಲು ದಾಟುತ್ತಿರಲಿಲ್ಲ. ಅದನ್ನು ಬರಿಯ ಮಡಿಮೈಲಿಗೆ ಎಂದು ತಿಳಿಯಬಾರದು. ಗಂಡನ ಮನೆಯಲ್ಲಿ ಬೆಳಗಾಗುವ ಮೊದಲೇ ಎದ್ದು ದುಡಿಯುತ್ತಿದ್ದ ಹುಡುಗಿಗೆ ಯಾರ ಊಟ ತಿಂಡಿಯ ಚಿಂತೆಯೂ ಇಲ್ಲದೆ ಮಲಗಲು ಸಿಗುತ್ತಿದ್ದದ್ದು ಆ ಕೆಲವು ತಿಂಗಳು ಮಾತ್ರ. ತಂದೆ ಹತ್ತಿರ ಇರಬೇಕೆಂದು ನೀವೆಲ್ಲ ಬರೆದಿರುವುದು ನನಗೂ ಸರಿಯೆನಿಸಿದೆ. ಆದರೆ ತಂದೆ ಹತ್ತಿರ ಬಂದದ್ದರಿಂದ ಅವಳ ಆರಾಮ ಕಡಿಮೆಯಾಗಬಾರದು. ಅಳಿಯ ಬಂದನೆಂದು ಅವಳು ಎದ್ದು ಕೂರುವಂತಾದರೆ, ಅತ್ತೆ ಎರಡು ಬಗೆ ಹೆಚ್ಚು ಅಡುಗೆ ಮಾಡುವಂತಾದರೆ, ಬಂದು ಏನು ಉಪಯೋಗವಾಯಿತು?

ಆದ್ದರಿಂದ ಹೇಳುತ್ತೇನೆ, ಬರುವಾಗ ಆಟಿಕೆ ಬಟ್ಟೆ ತರಬೇಡ, ವಾರಕ್ಕಾಗುವ ತರಕಾರಿ ಹಣ್ಣು ತಾ. ನಿನ್ನ ತಟ್ಟೆ ನೀನೇ ತೊಳೆ. ಶನಿವಾರ ರಾತ್ರಿ ಹಾಲು ಕುಡಿಸಿದ ಮೇಲೆ ಮಗುವನ್ನು ಎತ್ತಿಕೊಳ್ಳುವ ಪಾಳಿ ನನ್ನದು, ನೀವು ಮಲಗಿ ಎಂದು ಅತ್ತೆಗೆ ಬಾಯಿಬಿಟ್ಟು ಹೇಳು. ವಯಸ್ಸಾದ ನಮಗೆ ಸೊಂಟ ನೋಯುತ್ತದೆ, ಕೇಳಿಕೊಂಡು ಬಂದವರಿಗೆ ಇಲ್ಲ ಎನ್ನುವುದಿಲ್ಲ. ಸ್ನಾನ ಮಾಡಿಸುವುದನ್ನೂ ಕಲಿಸುತ್ತೇವೆ. ಮೊದಲು ಚೊಂಬು ಹಿಡಿದು ನೀರು ಹೊಯ್ಯುವುದು, ಆಮೇಲೆ ಕಾಲು ಚಾಚಿ ಕೂರುವುದು.

ಹೊಗೆ ಹಾಕಬೇಡಿ ಎಂದ ಡಾಕ್ಟರಮ್ಮನ ಮಾತನ್ನು ನಾನು ಒಪ್ಪಿಕೊಂಡಿದ್ದೇನೆ. ಕರೆದೊಯ್ಯುವುದು ಮೂರಕ್ಕೋ ಐದಕ್ಕೋ ಎಂಬುದನ್ನು ಬಾಣಂತಿಯನ್ನೇ ಕೇಳಬೇಕು, ಪಂಚಾಂಗ ಆಮೇಲೆ ನೋಡಬಹುದು.

ಪ್ರತಿಕ್ರಿಯೆ: ಸ್ಟಾಕ್‌ಹೋಮ್ ಕನ್ನಡಿಗ

ಇಲ್ಲಿ ಕಾನೂನು ಬೇರೆ. ಸ್ವೀಡನ್ 1974ರಲ್ಲೇ ತಾಯಿಯ ರಜೆಯನ್ನು ತಂದೆತಾಯಿ ಇಬ್ಬರ ರಜೆಯಾಗಿ ಬದಲಿಸಿತು. ಈಗ ಒಂದು ಮಗುವಿಗೆ 480 ದಿನಗಳ ಭತ್ಯೆಸಹಿತ ರಜೆಯಿದೆ. ಅದರಲ್ಲಿ ತಲಾ 90 ದಿನಗಳನ್ನು ತಂದೆ ತಾಯಿ ಪರಸ್ಪರ ಬಿಟ್ಟುಕೊಡುವಂತಿಲ್ಲ, ಬಳಸದಿದ್ದರೆ ಕಳೆದುಹೋಗುತ್ತವೆ. ನನ್ನ ಅನುಭವದಲ್ಲಿ ಈ ಬಿಟ್ಟುಕೊಡಲಾಗದ ದಿನಗಳೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ತಂದೆ ರಜೆ ಕೇಳಲು ಯಾರಿಗೂ ವಿವರಣೆ ಕೊಡಬೇಕಾಗುವುದಿಲ್ಲ. ಪತ್ನಿ ಕೆಲಸಕ್ಕೆ ಮರಳಿದ ಮೇಲೆ ಹಗಲಿಡೀ ಮಗುವಿನೊಂದಿಗೆ ನಾನೊಬ್ಬನೇ ಇದ್ದೆ. ಯಾವ ಅಳು ಹಸಿವಿನದು, ಯಾವುದು ನಿದ್ದೆಯದು ಎಂಬುದನ್ನು ನಾನು ತಿಳಿದದ್ದು ಆಗ, ಕೇಳಲು ಪಕ್ಕದಲ್ಲಿ ಯಾರೂ ಇಲ್ಲದಿದ್ದಾಗ.

ಆದರೆ ನನ್ನ ಪತ್ನಿಗೆ ಬಾಣಂತನವೇ ಸಿಗಲಿಲ್ಲ. ಅತ್ತೆಯವರ ಪ್ರವಾಸಿ ವೀಸಾ 90 ದಿನಕ್ಕೆ ಮುಗಿಯಿತು. ಅವರು ಹೊರಟ ದಿನ ನಾವಿಬ್ಬರೂ ಎಷ್ಟು ಅಸಹಾಯಕರೆನಿಸಿಕೊಂಡೆವು ಎಂಬುದನ್ನು ಬರೆಯಲಾರೆ. ನಿಮಗಿರುವ ಅಜ್ಜಿಯ ಕೈ ನಮಗಿರಲಿಲ್ಲ, ನಮಗಿದ್ದ ರಜೆ ನಿಮಗಿಲ್ಲ. ಎರಡೂ ಒಂದೇ ಮಗುವಿಗೆ ದಕ್ಕಬೇಕು ಎಂದು ಕೇಳುವುದು ಅತಿಯಾಸೆಯಲ್ಲವೆಂದು ನಾನು ಖಚಿತವಾಗಿ ನಂಬುತ್ತೇನೆ. ಈ ಚರ್ಚೆಯನ್ನು ಓದುವ ಅಣ್ಣತಮ್ಮಂದಿರು ತಮ್ಮ ತಮ್ಮ ಸಂಸ್ಥೆಗಳಲ್ಲಿ ಒಟ್ಟಾಗಿ ಈ ಬೇಡಿಕೆ ಇಡಬೇಕು.

ಪ್ರತಿಕ್ರಿಯೆ: ಹೊಸ ತಂದೆ, ಬೆಂಗಳೂರು

ಎಲ್ಲರ ಬರಹಗಳನ್ನು ಪತ್ನಿಗೆ ಓದಿ ಹೇಳಿದೆ. ತೀರ್ಥಹಳ್ಳಿಯ ಅಮ್ಮ ಹೇಳಿದಂತೆ ಅವಳನ್ನೇ ಕೇಳಿದಾಗ, ಐದನೆಯ ತಿಂಗಳವರೆಗೆ ಅಲ್ಲೇ ಇರುವುದು ತನಗೆ ಹಿತವೆಂದೂ, ಆದರೆ ಹದಿನಾಲ್ಕನೆಯ ವಾರದ ಲಸಿಕೆಗೆ ನಾನೇ ಕರೆದೊಯ್ಯಬೇಕೆಂದೂ ಸ್ಪಷ್ಟವಾಗಿ ಹೇಳಿದಳು. ಧಾರವಾಡದ ಸರ್ ಸೂಚಿಸಿದಂತೆ ಸಂಸ್ಥೆಗೆ ಪತ್ರ ಬರೆದಿದ್ದೇನೆ. ಆ ವಾರ ಪೂರ್ತಿ ಅಲ್ಲಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿದೆ. ನೆಟ್‌ವರ್ಕಿಗಾಗಿ ಹಗಲು ಸಾಗರ ಪೇಟೆಯ ನೆಂಟರ ಮನೆಯಲ್ಲಿ ಕುಳಿತು, ಸಂಜೆ ಹಳ್ಳಿಗೆ ಮರಳುವ ವ್ಯವಸ್ಥೆಯಾಗಿದೆ. ರಾತ್ರಿ ವಾಹನಕ್ಕೆ ಪಕ್ಕದ ಮನೆಯವರನ್ನು ಕೇಳಿ, ಅವರ ನಂಬರನ್ನೂ ವೈದ್ಯರ ನಂಬರನ್ನೂ ಬಾಣಂತಿಯ ಕೋಣೆಯ ಬಾಗಿಲಿಗೆ ಅಂಟಿಸಿದೆವು.

ಶನಿವಾರ ರಾತ್ರಿಯ ಪಾಳಿಯನ್ನು ಅತ್ತೆಯವರು ನನಗೆ ಕೊಟ್ಟರು. ಎದೆಗೆ ಒರಗಿಸಿಕೊಂಡಾಗ ಮಗುವಿನ ಉಸಿರು ನನ್ನ ಕೊರಳಿಗೆ ತಾಗುತ್ತದೆ, ಹಾಲಿನ ವಾಸನೆ ಬರುತ್ತದೆ, ತೇಗು ಬಂದ ಮೇಲೆ ತಲೆ ಭಾರವಾಗಿ ಭುಜಕ್ಕೆ ಒರಗುತ್ತದೆ. ಅಜ್ಜಿ ಚೊಂಬನ್ನು ನನ್ನ ಕೈಗೆ ಕೊಟ್ಟಿದ್ದಾರೆ, ಕಾಲು ಚಾಚಿ ಕೂರುವ ಪಾಠ ಇನ್ನೂ ಬಾಕಿಯಿದೆ.

ಒಂದು ಪ್ರಶ್ನೆ ಉಳಿದಿದೆ. ಐದನೆಯ ತಿಂಗಳಲ್ಲಿ ಸಾಗರದಿಂದ ಬೆಂಗಳೂರಿಗೆ ಕರೆತರುವಾಗ ರಾತ್ರಿ ರೈಲು ಒಳ್ಳೆಯದೇ, ಕಾರು ಒಳ್ಳೆಯದೇ?

ಪ್ರತಿಕ್ರಿಯೆ: ಮಕ್ಕಳ ವೈದ್ಯೆ, ಹುಬ್ಬಳ್ಳಿ

ಕೆಳಗಿನ ಬರ್ತ್ ಸಿಕ್ಕಿದರೆ ರೈಲೇ ಒಳ್ಳೆಯದು; ತಾಯಿ ಮಲಗಿಕೊಂಡು, ಬೇಕಾದಾಗ ಹಾಲೂಡಿಸಬಹುದು, ನೀವು ಎಚ್ಚರವಿದ್ದು ಬಟ್ಟೆ ಬದಲಿಸಬಹುದು. ಕಾರಾದರೆ ಹಗಲು ಹೊತ್ತಿನಲ್ಲಿ ಹೊರಡಿ. ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳದೆ, ಹಿಂಬದಿಯ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿದ ಶಿಶು ಆಸನದಲ್ಲಿ ಬೆಲ್ಟ್ ಬಿಗಿದು ಇರಿಸಿ, ಎರಡು ಗಂಟೆಗೊಮ್ಮೆ ನಿಲ್ಲಿಸಿ ಎತ್ತಿಕೊಳ್ಳಿ. ಹೊರಡುವ ಮೊದಲು ತಾಯಿ ಕಾರ್ಡನ್ನು ಚೀಲಕ್ಕೆ ಹಾಕಿಕೊಳ್ಳಿ, ಒಂಬತ್ತನೆಯ ತಿಂಗಳ ಲಸಿಕೆಗೆ ಬೆಂಗಳೂರಿನಲ್ಲಿ ಅದನ್ನು ಕೇಳುತ್ತಾರೆ.